ಎಳೆಯರ ದನಿ, ಹಿರಿಯರ ಕಿವಿ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಸಂಗೀತದ ಹೆಸರಿನ ದತ್ತಿ ಉಪನ್ಯಾಸ ಎಂದರೆ ಒಬ್ಬ ವಾಗ್ಗೇಯಕಾರನ ಬಗ್ಗೆಯೋ ಒಂದು ಘರಾಣೆಯ ಬಗ್ಗೆಯೋ ಮಾತಾಡುವುದು ರೂಢಿ. ನಾನು ಇನ್ನೂ ಸಂಗೀತಗಾರರಾಗದ, ಬಹುಪಾಲು ಮುಂದೆಯೂ ಆಗಲಾರದ ಮಕ್ಕಳ ಬಗ್ಗೆ ಮಾತಾಡುತ್ತೇನೆಂದು ಸಂಘಟಕರಲ್ಲಿ ಕೇಳಿಕೊಂಡೆ. ಅವರು ಒಪ್ಪಿದರು. ಹತ್ತರಿಂದ ಇಪ್ಪತ್ತರೊಳಗಿನ ಹುಡುಗ ಹುಡುಗಿಯರು ನಾಲ್ಕು ಜನರ ಎದುರು ಕುಳಿತು ಹಾಡಿದಾಗ, ನುಡಿಸಿದಾಗ ಅವರಲ್ಲಿ ಧೈರ್ಯ ಹೇಗೆ ಕೂಡುತ್ತದೆ, ಯಾವಾಗ ಕೂಡುವುದಿಲ್ಲ ಎಂಬುದು ಇವತ್ತಿನ ವಿಷಯ.

ಯಾವ ಸಂಗೀತ ಮೇಷ್ಟ್ರನ್ನು ಕೇಳಿದರೂ ಒಂದು ಮಾತು ಸಿಗುತ್ತದೆ: ಪಾಠದಲ್ಲಿ ಸೊಗಸಾಗಿ ಹಾಡುವ ಹುಡುಗಿ ವೇದಿಕೆ ಹತ್ತಿದೊಡನೆ ಬೇರೆಯೇ ಆಗಿಬಿಡುತ್ತಾಳೆ, ಶ್ರುತಿ ಇಳಿಯುತ್ತದೆ, ತಾಳ ಓಡುತ್ತದೆ, ಸಾಹಿತ್ಯ ಮರೆಯುತ್ತದೆ. ತಂದೆತಾಯಿ ಸಮಾಧಾನ ಹೇಳುತ್ತಾರೆ: “ಇನ್ನೂ ಧೈರ್ಯ ಬಂದಿಲ್ಲ. ಬಂದ ಮೇಲೆ ಹಾಡಿಸೋಣ.” ನನ್ನ ವಾದ ಇದಕ್ಕೆ ತಿರುಗುಮುರುಗು. ಧೈರ್ಯ ಮನೆಯಲ್ಲಿ ಬೆಳೆದು ಆಮೇಲೆ ಸಭೆಗೆ ಬರುವುದಿಲ್ಲ. ಸಭೆಗೆ ಹೋಗುತ್ತ ಹೋಗುತ್ತಲೇ ಅದು ಬರಬೇಕು. ಹಾಗೆಂದು ಯಾವ ಸಭೆಯಾದರೂ ಆದೀತು ಎಂದಲ್ಲ. ಆ ಸಭೆ ಚಿಕ್ಕದಿರಬೇಕು, ಮತ್ತೆ ಮತ್ತೆ ಸಿಗಬೇಕು, ಮಗುವಿನ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು, ಎದುರಿಗಿದ್ದವರಿಗೆ ಕೇಳುವ ಮನಸ್ಸಿರಬೇಕು. ನಮ್ಮ ನಾಡಿನ ಸಂಗೀತಕ್ಕೆ ಈ ನಾಲ್ಕೂ ಗೊತ್ತಿದ್ದವು. ಈಚೆಗೆ ಅವು ಕೈಬಿಟ್ಟುಹೋಗುತ್ತಿವೆ.

ಸಭಾಕಂಪ

ಸಭಾಕಂಪವನ್ನು ಮನಸ್ಸಿನ ಪುಕ್ಕಲುತನ ಎಂದು ತಿಳಿಯುವವರೇ ಹೆಚ್ಚು. ಅದು ಮೊದಲು ಮೈಯ ಕೆಲಸ. ಹತ್ತಾರು ಕಣ್ಣುಗಳು ತನ್ನನ್ನೇ ನೋಡುತ್ತಿವೆ ಎಂದು ತಿಳಿದ ಕೂಡಲೇ ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ. ಭಾಷಣಕಾರ ಇದನ್ನೆಲ್ಲ ಮುಚ್ಚಿಟ್ಟುಕೊಂಡು ಮಾತಾಡಬಲ್ಲ. ಮೇಜು ಹಿಡಿದುಕೊಳ್ಳಬಲ್ಲ, ನೀರು ಕುಡಿಯಬಲ್ಲ. ಹಾಡುವವರಿಗೆ ಆ ಸೌಕರ್ಯವಿಲ್ಲ, ಏಕೆಂದರೆ ಅವರ ವಾದ್ಯವೇ ಉಸಿರು. ಗಿಡ್ಡ ಉಸಿರಿಗೆ ಷಡ್ಜ ನಿಲ್ಲುವುದಿಲ್ಲ. ಪಿಟೀಲು ಹಿಡಿದ ಹುಡುಗನ ಕೈ ನಡುಗಿದರೆ ಆ ನಡುಕ ಕಮಾನಿನಿಂದ ತಂತಿಗಿಳಿದು ಕೊನೆಯ ಸಾಲಿನವರೆಗೂ ಕೇಳಿಸುತ್ತದೆ. ತಬಲಾದವನ ಲಯ ಅವನಿಗೇ ತಿಳಿಯದಂತೆ ಏರುತ್ತ ಹೋಗುತ್ತದೆ.

ನಮ್ಮ ಕಛೇರಿ ಪದ್ಧತಿ ಇದನ್ನು ಚೆನ್ನಾಗಿ ಬಲ್ಲದು. ಕರ್ನಾಟಕ ಸಂಗೀತ ಕಛೇರಿ ಸಾಮಾನ್ಯವಾಗಿ ವರ್ಣದಿಂದ ಶುರುವಾಗುತ್ತದೆ. ಇಂದಿನ ಕಛೇರಿ ಕ್ರಮವನ್ನು ರೂಢಿಗೆ ತಂದ ಶ್ರೇಯಸ್ಸು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರಿಗೆ ಸಲ್ಲುತ್ತದೆ. ವರ್ಣದಲ್ಲಿ ಸ್ವರ, ಸಾಹಿತ್ಯ, ನಡೆ ಎಲ್ಲವೂ ಮೊದಲೇ ನಿಶ್ಚಿತ. ಆ ಗಳಿಗೆಯಲ್ಲಿ ಹೊಸದಾಗಿ ಹುಟ್ಟಿಸಬೇಕಾದದ್ದು ಏನೂ ಇರುವುದಿಲ್ಲ. ಅದು ಮುಗಿಯುವಷ್ಟರಲ್ಲಿ ಗಂಟಲು ತೆರೆದುಕೊಳ್ಳುತ್ತದೆ, ಪಕ್ಕವಾದ್ಯದವರಿಗೆ ಗಾಯಕರ ಅಂದಿನ ಹದ ತಿಳಿಯುತ್ತದೆ, ಸಭೆ ಕಿವಿಗೊಡುತ್ತದೆ. ಆಮೇಲಷ್ಟೇ ಆಲಾಪನೆ, ನೆರವಲ್, ಕಲ್ಪನಾಸ್ವರ. ಹಿಂದೂಸ್ತಾನಿ ಗಾಯಕರೂ ವಿಲಂಬಿತದಲ್ಲಿ ಷಡ್ಜದ ಆಸುಪಾಸಿನಲ್ಲಿ ಹೊತ್ತು ಕಳೆದು, ನೆಲೆ ಸಿಕ್ಕ ಮೇಲೆ ಮೇಲಿನ ಸ್ವರಗಳಿಗೆ ಹೋಗುತ್ತಾರೆ. ಹಾಡಿ ಹಣ್ಣಾದ ವಿದ್ವಾಂಸರಿಗೇ ಇಂಥ ಆಸರೆ ಬೇಕೆಂದು ಪದ್ಧತಿ ಒಪ್ಪಿಕೊಂಡಿದೆ. ನಾವೋ, ಹನ್ನೆರಡು ವರ್ಷದ ಮಗು ಕಲಿತದ್ದರಲ್ಲೆಲ್ಲ ಕಠಿಣವಾದದ್ದನ್ನು, ಅದೂ ಹೋದ ವಾರವಷ್ಟೇ ಕಲಿತದ್ದನ್ನು, ಮೊದಲಿಗೇ ಹಾಡಿಸಲು ಹೊರಡುತ್ತೇವೆ.

“ಹೆದರಬೇಡ, ಸುಮ್ಮನೆ ಹಾಡು” ಎನ್ನುವ ಮಾತಿನಿಂದ ಹೆದರಿಕೆ ಹೋಗುವುದಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಷಯಕ್ಕೆ ಹತ್ತಿರವಾದ ಒಂದು ಪ್ರಯೋಗವಿದೆ. ಕರಾವೋಕೆ ಹಾಡುವ ಮುಂಚೆ ಕೆಲವರಿಗೆ ತಮಗೆ ಆತಂಕವಾಗಿದೆಯೆಂದು ಬಾಯಿಬಿಟ್ಟು ಹೇಳಲು, ಇನ್ನು ಕೆಲವರಿಗೆ ತಮಗೆ ಹುಮ್ಮಸ್ಸಾಗಿದೆಯೆಂದು ಹೇಳಲು ಸೂಚಿಸಿದರು. ಹಾಡಿನ ನಿಖರತೆಯನ್ನು ಯಂತ್ರ ಅಳೆಯಿತು. ಹುಮ್ಮಸ್ಸು ಎಂದವರು ಹೆಚ್ಚು ಶುದ್ಧವಾಗಿ ಹಾಡಿದ್ದರು. ಹೆದರಿಕೆಗೂ ಹುಮ್ಮಸ್ಸಿಗೂ ಮೈಯೊಳಗಿನ ಲಕ್ಷಣಗಳು ಬಹುಮಟ್ಟಿಗೆ ಒಂದೇ. ಅವುಗಳಿಗೆ ನಾವು ಕೊಡುವ ಅರ್ಥ ಬೇರೆ ಬೇರೆ. ಆದ್ದರಿಂದ ಮಗುವಿಗೆ “ಎದೆ ಹೊಡ್ಕೊಳ್ತಿದೆಯಾ? ಒಳ್ಳೇದು, ಮೈ ಹಾಡೋಕೆ ತಯಾರಾಗ್ತಿದೆ” ಎನ್ನುವ ಮೇಷ್ಟ್ರು, “ಹೆದರಬೇಡ” ಎನ್ನುವವರಿಗಿಂತ ಸರಿಯಾದ ಮಾತು ಹೇಳುತ್ತಿದ್ದಾರೆ.

ಗದಗಿನ ಪಾಠ

ಎಳೆಯರ ಧೈರ್ಯವನ್ನು ಸಂಗೀತದಿಂದ ಕಟ್ಟಿದ ಸಂಸ್ಥೆಯೊಂದನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮ ಸಾಕು.

ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಬಾಲಕನಿಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ಕಂಠ ಕೇಳಿ ಹಾನಗಲ್ಲ ಕುಮಾರಸ್ವಾಮಿಗಳು ಆಶ್ರಯ ಕೊಟ್ಟರು, ಸಂಗೀತ ಕಲಿಸಿದರು. ಅವನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ತಮ್ಮಂತೆಯೇ ಕಣ್ಣಿಲ್ಲದ, ದಿಕ್ಕಿಲ್ಲದ, ಬಡವರ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸುತ್ತುತ್ತ ಪಾಠ ಹೇಳಿದರು. ಆ ಸಂಚಾರಿ ಶಾಲೆ ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದರು. ಅವರೂ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು.

ಈ ಕತೆಯನ್ನು ನಾವು ಸಾಮಾನ್ಯವಾಗಿ ಕರುಣೆಯ ಕತೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಶಿಕ್ಷಣದ ಒಂದು ಜಾಣತನ ಕಾಣುತ್ತದೆ. ಆಶ್ರಮ ಮಕ್ಕಳಿಗೆ ಅನ್ನ ಹಾಕಿತು, ಸರಿ. ಅದರ ಜೊತೆಗೆ ಅವರನ್ನು ಜನರ ಎದುರು ಕೂರಿಸಿತು. ನಿತ್ಯದ ಪ್ರಾರ್ಥನೆ, ಭಜನೆ, ಜಾತ್ರೆಯ ಸಂಗೀತ, ಮಠಮಾನ್ಯಗಳಲ್ಲಿ ತಿಂಗಳುಗಟ್ಟಲೆ ನಡೆಯುವ ಪುರಾಣ ಪ್ರವಚನಕ್ಕೆ ಪೇಟಿ–ತಬಲಾ ಸಾಥ್, ಆಶ್ರಮದ ನೆರವಿಗಾಗಿಯೇ ಕಟ್ಟಿದ ನಾಟಕ ಕಂಪನಿ, ಹೀಗೆ. ಉತ್ತರ ಕರ್ನಾಟಕದಲ್ಲಿ ಪುರಾಣ ಕೇಳಿದವರಿಗೆ ಗೊತ್ತು: ಸ್ವಾಮಿಗಳು ಕತೆ ಹೇಳಿ ನಿಲ್ಲಿಸಿದಲ್ಲಿ ಗವಾಯಿ ಹಾಡು ಎತ್ತಿಕೊಳ್ಳಬೇಕು, ಹಾಡು ಮುಗಿದಲ್ಲಿ ಸ್ವಾಮಿಗಳು ಮಾತು ಎತ್ತಿಕೊಳ್ಳುತ್ತಾರೆ. ಇದು ಕಛೇರಿಯಷ್ಟು ಭಾರವಲ್ಲ, ಆದರೆ ಹೊಣೆ ಪೂರ್ತಿ ಇದೆ. ಎದುರಿಗೆ ಹೊಲಮನೆ ಮುಗಿಸಿ ಬಂದ ರೈತರು, ತಾಯಂದಿರು, ಕೂಸುಗಳು. ತಪ್ಪಿದರೆ ನಗುವ ರಸಿಕರ ಸಭೆಯಲ್ಲ ಅದು. ಮರುದಿನ ಸಂಜೆ ಮತ್ತೆ ಅದೇ ಸಭೆ, ಅದೇ ಕೆಲಸ. ಒಂದು ಶ್ರಾವಣ ಮುಗಿಯುವಷ್ಟರಲ್ಲಿ ಹುಡುಗನ ಚಳಿ ಬಿಟ್ಟಿರುತ್ತದೆ.

ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1920ರಲ್ಲಿ ಹುಟ್ಟಿದ ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲೊಬ್ಬರು. ವಿಜಯನಗರ ಸ್ಥಾಪನೆಯ 600ನೇ ವರ್ಷದ ಉತ್ಸವ 1936ರಲ್ಲಿ ಹಂಪಿಯಲ್ಲಿ ನಡೆದಾಗ ಅವರು ಅಲ್ಲಿ ಹಾಡಿದರು, ಹದಿನಾರರ ಹರೆಯ. ಅವತ್ತು ಅವರಿಗೆ ತಬಲಾ ಸಾಥ್ ಕೊಟ್ಟವರು ಸ್ವತಃ ಗುರುಗಳು. ನಮ್ಮಲ್ಲಿ ಯಾರು ಯಾರಿಗೆ ಸಾಥ್ ಕೊಡುತ್ತಾರೆ ಎಂಬುದಕ್ಕೆ ಹಿರಿತನ, ಕಿರಿತನದ ಲೆಕ್ಕಗಳಿವೆ. ಅದಕ್ಕಾಗಿ ಜಗಳಗಳೂ ಆಗಿವೆ. ನಾಡಿನ ದೊಡ್ಡ ಗವಾಯಿ ಮುಖ್ಯ ಆಸನವನ್ನು ಹುಡುಗನಿಗೆ ಬಿಟ್ಟು ತಾವು ತಬಲಾದ ಮುಂದೆ ಕೂತದ್ದು ಸಣ್ಣ ಮಾತಲ್ಲ. ಆ ಹುಡುಗನಿಗೆ ಅದರಿಂದ ಎರಡು ಸಂಗತಿ ಒಟ್ಟಿಗೇ ಸಿಕ್ಕಿರಬೇಕು: ಇವತ್ತು ಹಾಡಬೇಕಾದವನು ನಾನೇ ಎಂಬ ಹೊಣೆ, ತಾಳ ತಪ್ಪಿದರೂ ನನ್ನನ್ನು ಸಮಕ್ಕೆ ಕರೆತರುವ ಕೈ ಪಕ್ಕದಲ್ಲೇ ಇದೆ ಎಂಬ ನಂಬಿಕೆ. ಇವೆರಡರಲ್ಲಿ ಒಂದು ಮಾತ್ರ ಇದ್ದರೆ ಸಾಲದು. ಬರೀ ಹೊಣೆ ಕೊಟ್ಟರೆ ಮಗು ಕುಗ್ಗುತ್ತದೆ. ಬರೀ ಆಸರೆ ಕೊಟ್ಟರೆ ಬೆಳೆಯುವುದಿಲ್ಲ.

ಮುಂದೆ ಇದೇ ಆಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ವರ್ಷಗಟ್ಟಲೆ ಕಲಿತವರು ಇಂದು ದೇಶವೇ ಕೇಳುವ ಎಂ. ವೆಂಕಟೇಶಕುಮಾರ್. ಇಂಥ ದೊಡ್ಡ ಹೆಸರುಗಳ ಆಚೆಗೆ, ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಪ್ರವಚನದ ಗವಾಯಿಗಳಾಗಿ, ತಬಲಾ ವಾದಕರಾಗಿ ತಮ್ಮ ಅನ್ನ ತಾವು ದುಡಿದುಕೊಂಡ ಅಸಂಖ್ಯ ಶಿಷ್ಯರಿದ್ದಾರೆ. ಆಶ್ರಮದ ನಿಜವಾದ ಯಶಸ್ಸು ಅವರು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ, ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ವಿವರಿಸಿದರು. ನಾಲ್ಕು ಮೂಲಗಳನ್ನು ಹೇಳಿದರು: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹದ ಮಾತು, ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಬರೀ ಮಾತಿನಿಂದ ಬಂದ ನಂಬಿಕೆ ಮೊದಲ ಸೋಲಿಗೇ ಅಲುಗಾಡುತ್ತದೆ. ನಾವು ಮನೆಯಲ್ಲಿ ಹೆಚ್ಚಾಗಿ ಮಾಡುವುದು ಆ ಮಾತನ್ನೇ. “ನಿನ್ನ ಕೈಲಾಗುತ್ತೆ ಪುಟ್ಟಾ” ಎಂದು ನೂರು ಸಲ ಹೇಳುತ್ತೇವೆ. ಕೈಲಾದದ್ದನ್ನು ಮಗು ತಾನೇ ಕಾಣುವ ಸಂದರ್ಭ ವರ್ಷಕ್ಕೆ ಒಂದನ್ನೂ ಒದಗಿಸುವುದಿಲ್ಲ. ಗದಗಿನ ಆಶ್ರಮದ ಹುಡುಗನಿಗೆ ಮೊದಲ ಎರಡೂ ದಿನನಿತ್ಯ ದೊರೆಯುತ್ತಿದ್ದವು: ತಾನು ಹಾಡುತ್ತಿದ್ದ, ತನ್ನಂತೆಯೇ ಕಣ್ಣಿಲ್ಲದ ಹಿರಿಯ ಹುಡುಗ ಹಾಡಿ ಗೆದ್ದದ್ದನ್ನು ಕೇಳುತ್ತಿದ್ದ.

ಮನೆಗೂ ಸಭಾಂಗಣಕ್ಕೂ ನಡುವೆ

ಹಿಂದೂಸ್ತಾನಿ ಬೈಠಕ್ಕಿನಲ್ಲಿ ಗಾಯಕರ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯರನ್ನು ನೋಡಿದ್ದೀರಿ. ಹೊರಗಿನವರಿಗೆ ಅವರು ಶ್ರುತಿ ಮೀಟುವವರು ಅಷ್ಟೇ. ಗುರು ಉಸಿರು ತೆಗೆದುಕೊಳ್ಳುವಾಗ, ನೀರು ಕುಡಿಯುವಾಗ, ಕೆಲವೊಮ್ಮೆ ಬೇಕೆಂದೇ ಕೈ ಸನ್ನೆ ಮಾಡಿದಾಗ, ಹಿಂದಿನಿಂದ ಒಂದು ಎಳೆಯ ದನಿ ಎದ್ದು ರಾಗವನ್ನು ನಾಲ್ಕು ಹೆಜ್ಜೆ ಮುಂದೊಯ್ದು ಮತ್ತೆ ಗುರುವಿಗೆ ಒಪ್ಪಿಸುತ್ತದೆ. ಆ ನಾಲ್ಕು ಹೆಜ್ಜೆ ಸಾವಿರ ಜನರ ಎದುರಿನದು. ಆದರೆ ಸಾವಿರ ಜನರೂ ನೋಡುತ್ತಿರುವುದು ಗುರುವನ್ನು. ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಆಳದ ನೀರಿಗೇ ಇಳಿಸುತ್ತಿದ್ದರಲ್ಲ, ಅದೇ ನ್ಯಾಯ. ದಡದ ನೀರಲ್ಲಿ ಆಡಿದವರಿಗೆ ಆಳದ ಭಯ ಹೋಗುವುದಿಲ್ಲ.

ಯಕ್ಷಗಾನದವರು ಈ ಏರ್ಪಾಟನ್ನು ರಾತ್ರಿಯ ಗಡಿಯಾರಕ್ಕೇ ಅಳವಡಿಸಿದರು. ಹಳೆಯ ಕ್ರಮದಲ್ಲಿ ಮೇಳ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯುತ್ತಾನೆ, ಆಮೇಲೆ ಬಾಲಗೋಪಾಲ, ಮುಂದೆ ಸ್ತ್ರೀವೇಷ. ಹಿಮ್ಮೇಳದಲ್ಲಿಯೂ ಹಾಗೆಯೇ: ಪೂರ್ವರಂಗದ ಪದ್ಯಗಳನ್ನು ಕಲಿಯುವ ಭಾಗವತ ಹಾಡುತ್ತಾನೆ, ಮುಖ್ಯ ಭಾಗವತರು ಆಮೇಲೆ ಜಾಗಟೆ ಹಿಡಿಯುತ್ತಾರೆ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತು ಎಳೆಯರದು. ಪ್ರಸಂಗದ ಗೆಲುವು ಸೋಲು ಅವರ ಮೇಲಿಲ್ಲ. ಚೆಂಡೆ, ಮದ್ದಳೆ, ದೀಪ, ರಂಗ ಮಾತ್ರ ಅಸಲಿ. ಇಂದು ಉಡುಪಿ ಸೀಮೆಯ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವ ಯಕ್ಷಶಿಕ್ಷಣದಲ್ಲಿ ಹುಡುಗಿಯರೂ ಗೆಜ್ಜೆ ಕಟ್ಟಿ, ವರ್ಷದ ಕೊನೆಗೆ ತುಂಬಿದ ಸಭೆಯ ಎದುರು ಪ್ರಸಂಗ ಆಡುತ್ತಾರೆ. ಅಲ್ಲಿ ಅರ್ಥ ಹೇಳಬೇಕು, ಕುಣಿಯಬೇಕು, ಭಾಗವತರ ಪದಕ್ಕೆ ಕಿವಿಯಿಡಬೇಕು, ಅದೂ ಏಕಕಾಲಕ್ಕೆ. ಮಾತೇ ಆಡದಿದ್ದ ಹುಡುಗ ಅರ್ಧ ಗಂಟೆ ದೇವೇಂದ್ರನಾಗಿ ಗರ್ಜಿಸಿದ ಮೇಲೆ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದು ಅವನಿಗೆ ದೊಡ್ಡ ಸಂಗತಿಯಾಗಿ ಉಳಿಯುವುದಿಲ್ಲ.

ಪುರಂದರ, ತ್ಯಾಗರಾಜರ ಆರಾಧನೆಗಳ ಗೋಷ್ಠಿಗಾಯನವೂ ಇಂಥದೇ. ಮುಂದಿನ ಸಾಲಿನಲ್ಲಿ ವಿದ್ವಾಂಸರು, ಕೊನೆಯ ಸಾಲಿನಲ್ಲಿ ಪುಸ್ತಕ ಹಿಡಿದ ಮಕ್ಕಳು. ಗೊತ್ತಿದ್ದ ಸಾಲಿಗೆ ದನಿ ಸೇರಿಸಬಹುದು, ಗೊತ್ತಿಲ್ಲದಲ್ಲಿ ತಾಳ ಹಾಕುತ್ತ ಕೂರಬಹುದು. ಯಾರೂ ಕೇಳುವುದಿಲ್ಲ.

ಈ ನಡುವಣ ಜಾಗಗಳು ಈಗ ಕಿರಿದಾಗಿವೆ. ಪಾಠ ಮುಚ್ಚಿದ ಕೋಣೆಯಲ್ಲಿ, ಎಷ್ಟೋ ವೇಳೆ ಮೊಬೈಲ್ ಪರದೆಯಲ್ಲಿ. ಅಲ್ಲಿಂದ ಮಗು ನೇರ ಸ್ಪರ್ಧೆಯ ವೇದಿಕೆಗೆ ಜಿಗಿಯಬೇಕು. ಜೊತೆಗಾರರ ಜಾಗಕ್ಕೆ ಟ್ರ್ಯಾಕ್ ಬಂದಿದೆ. ಪೆನ್‌ಡ್ರೈವ್‌ನಲ್ಲಿ ತಂದ ಟ್ರ್ಯಾಕ್ ಹಾಕಿಸಿ ಹಾಡಿಸುವುದು ಅಗ್ಗ, ಸುಲಭ, ಕೇಳಲು ಭರ್ಜರಿ. ಆದರೆ ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಮಗು ಎತ್ತುಗಡೆಯಲ್ಲಿ ಒಂದು ಅಕ್ಷರ ತಡೆದರೆ ಅದು ನಿಲ್ಲದೆ ಮುಂದೆ ಹೋಗುತ್ತದೆ. ಮಗು ಹಿಂದೆ ಉಳಿದದ್ದು ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿ ತಬಲಾ ನುಡಿಸುವ ಮನುಷ್ಯನಿದ್ದರೆ ಇನ್ನೊಂದು ಆವರ್ತನ ಸರಳವಾಗಿ ಠೇಕಾ ಹಾಕುತ್ತಾನೆ, ಕಣ್ಣಲ್ಲೇ ‘ಈಗ’ ಎನ್ನುತ್ತಾನೆ, ಸಮದ ಮೇಲೆ ಕೊಂಚ ಒತ್ತು ಕೊಡುತ್ತಾನೆ. ಮಗು ಒಳಗೆ ಬರುತ್ತದೆ. ಸಭೆಗೆ ಏನಾಯಿತೆಂದೂ ತಿಳಿಯುವುದಿಲ್ಲ. ಆದರೆ ಮಗುವಿಗೆ ತಿಳಿಯುತ್ತದೆ: ತಪ್ಪಿದ ಮೇಲೂ ದಾರಿ ಇರುತ್ತದೆ, ಮತ್ತು ಆ ದಾರಿ ತೋರುವವರು ಇರುತ್ತಾರೆ. ಪ್ರತ್ಯಕ್ಷ ಸಂಗೀತದಿಂದ ಬರುವ ಧೈರ್ಯ ಎಂದು ನಾನು ಹೇಳುತ್ತಿರುವುದು ಮುಖ್ಯವಾಗಿ ಇದನ್ನೇ. ತಾನು ತಪ್ಪುವುದೇ ಇಲ್ಲ ಎಂಬ ಭ್ರಮೆ ಅದಲ್ಲ.

ಬೆಳಗಾವಿಯ ಹುಡುಗಿ

ಧೈರ್ಯದ ಮಾತಾಡುವಾಗ ಎಲ್ಲವನ್ನೂ ಮಗುವಿನ ಎದೆಗೇ ಬಿಟ್ಟುಬಿಡುವುದು ಅನ್ಯಾಯ. ಎದುರಿಗೆ ಕೂತ ಸಮಾಜ ಆ ಮಗುವನ್ನು ಹೇಗೆ ನೋಡುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸ್ವಾಗತದ ಹಾಡು ಹಾಡಿದ ಮಕ್ಕಳಲ್ಲಿ ಹನ್ನೊಂದರ ಹುಡುಗಿ ಗಂಗೂಬಾಯಿ ಇದ್ದಳು. ಮುಂದೆ ಗಂಗೂಬಾಯಿ ಹಾನಗಲ್ ಆ ದಿನವನ್ನು ನೆನೆದಾಗ ಹೇಳಿಕೊಂಡ ಭಯ ಹಾಡು ತಪ್ಪೀತೆಂಬುದಾಗಿರಲಿಲ್ಲ. ಹಾಡಿದ ಮೇಲೆ, ತನ್ನ ಜಾತಿಯ ಕಾರಣಕ್ಕೆ, ಊಟದ ಎಂಜಲೆಲೆ ತೆಗೆಯಲು ಹೇಳಿಬಿಟ್ಟಾರೋ ಎಂಬ ಅಳುಕು ಅದು. ಅಷ್ಟು ದೊಡ್ಡ ಸಭೆ ಅವಳನ್ನು ಹೆದರಿಸಲಿಲ್ಲ, ಸಭೆ ಮುಗಿದ ಮೇಲಿನ ಪಂಕ್ತಿ ಹೆದರಿಸಿತು. ಈಗಲೂ ಎಷ್ಟೋ ಮಕ್ಕಳ ಸಭಾಕಂಪದ ಬೇರು ಸಂಗೀತದಲ್ಲಿಲ್ಲ. ತನ್ನ ಅಂಗಿ, ತನ್ನ ಉಚ್ಚಾರ, ತನ್ನ ಬಣ್ಣ, ತನ್ನ ಮನೆತನ ಇವೆಲ್ಲ ಅಲ್ಲಿ ಅಳೆಯಲ್ಪಡುತ್ತವೆ ಎಂಬುದು ಅವರಿಗೆ ಗೊತ್ತು. ರಿಯಾಜಿನಿಂದ ಆ ಭಯ ಹೋಗುವುದಿಲ್ಲ. ಸಭೆ ಬದಲಾಗಬೇಕು.

ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ (1878–1952) ಮಾಡಿದ್ದು ಸಭೆಯನ್ನು ಬದಲಾಯಿಸುವ ಕೆಲಸ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆ ಸುರಿದು ಗುಡಿ ಕಟ್ಟಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಎಂಬ ಕಾಲದಲ್ಲಿ ಹೆಂಗಸರದೇ ಗುಂಪು ಕಟ್ಟಿ ಹಾಡಿಸಿದರು. ಇಂದು ಆ ಗೋಷ್ಠಿಯಲ್ಲಿ ಕೂತು ಹಾಡುವ ಪ್ರತಿ ಹುಡುಗಿಯ ಧೈರ್ಯದಲ್ಲಿ ಆ ಹೋರಾಟದ ಪಾಲಿದೆ.

ಗಂಗೂಬಾಯಿಯವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಇದೆ. ಎಳವೆಯ ಅವರ ದನಿ ತೆಳುವಾಗಿತ್ತು. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಹೆಣ್ಣಿನ ಕಂಠ ಹೀಗಿರಬೇಕೆಂಬ ನಿರೀಕ್ಷೆಗೆ ಒಗ್ಗದ ಆ ದನಿಯಲ್ಲಿಯೇ ಅವರು ಕಿರಾಣಾ ಗಾಯಕಿಯನ್ನು ಕಟ್ಟಿದರು. ನಮ್ಮ ತರಗತಿಗಳಲ್ಲಿ ಹದಿಮೂರು ಹದಿನಾಲ್ಕರ ಹುಡುಗರು ಕಂಠ ಒಡೆಯುವ ಹೊತ್ತಿಗೆ ಸಂಗೀತವನ್ನೇ ಬಿಡುತ್ತಾರೆ. ನಿನ್ನೆ ಹತ್ತಿದ ತಾರಷಡ್ಜ ಇವತ್ತು ಸೀಳುತ್ತದೆ, ಗೆಳೆಯರು ನಗುತ್ತಾರೆ. ಶ್ರುತಿಯನ್ನು ಇಳಿಸಿ, ಹಾಡು ಕಡಿಮೆ ಮಾಡಿ, ಆ ವರ್ಷ ಅವರ ಕೈಗೆ ತಂಬೂರಿ, ಹಾರ್ಮೋನಿಯಂ, ತಾಳ, ನಿರೂಪಣೆ ಕೊಟ್ಟು ವೇದಿಕೆಯ ಮೇಲೆಯೇ ಉಳಿಸಿಕೊಂಡರೆ ಅವರು ದನಿ ಬದಲಾದ ಮೇಲೂ ಹಾಡಲು ಮರಳುತ್ತಾರೆ. ಆಗ ವೇದಿಕೆಯಿಂದ ಇಳಿಸಿದರೆ ಅವರು ಮತ್ತೆ ಹತ್ತುವುದು ಅಪರೂಪ.

ಸ್ಪರ್ಧೆಯ ಲೆಕ್ಕ

ಸ್ಪರ್ಧೆಗಳನ್ನು ನಾನು ವಿರೋಧಿಸುತ್ತಿಲ್ಲ. ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ನಡೆಯುತ್ತದೆ; ಸಂಗೀತ ಪಾಠದ ಫೀ ಕಟ್ಟಲಾಗದ ಮನೆಯ ಮಗುವಿಗೂ ಮೈಕಿನ ಮುಂದೆ ನಿಲ್ಲುವ ಅವಕಾಶ ಕೊಡುತ್ತದೆ. ಅದು ದೊಡ್ಡ ಕೆಲಸ. ಆದರೆ ಯಾವ ಸ್ಪರ್ಧೆಯಾದರೂ ಜರಡಿ ಹಿಡಿಯುವ ಏರ್ಪಾಟು. ಮೊದಲ ಸುತ್ತಿನಲ್ಲೇ ಬಹುಪಾಲು ಮಕ್ಕಳು ಹೊರಗೆ ಬೀಳುತ್ತಾರೆ, ಅವರಿಗೆ ಆ ವರ್ಷದ ಸಭೆ ಅಲ್ಲಿಗೆ ಮುಗಿಯಿತು. ಮತ್ತೆ ಮತ್ತೆ ವೇದಿಕೆ ಸಿಗುವುದು ಈಗಾಗಲೇ ಧೈರ್ಯ ಇದ್ದವರಿಗೆ. ಯಾರಿಗೆ ಹೆಚ್ಚು ಅಭ್ಯಾಸ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಧೈರ್ಯ ಬೆಳೆಸುವ ಕೆಲಸವನ್ನು ಸ್ಪರ್ಧೆಯೊಂದಕ್ಕೇ ವಹಿಸಿದ್ದು ನಮ್ಮ ಎಡವಟ್ಟು.

ತೀರ್ಪುಗಾರರ ನಡವಳಿಕೆಯಿಂದಲೂ ಬಹಳ ವ್ಯತ್ಯಾಸವಾಗುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ನೆನಪಿರಬಹುದು: ಹಾಡು ಮುಗಿದ ಮೇಲೆ ಅವರು ಮೊದಲು ಆ ಹಾಡಿನ ಬಗ್ಗೆ ಮಾತಾಡುತ್ತಿದ್ದರು, ಆಮೇಲೆ ಯಾವ ಸಾಲಿನಲ್ಲಿ ಸ್ವರ ಜಾರಿತು ಎಂಬುದನ್ನು ತಾವೇ ಹಾಡಿ ತೋರಿಸುತ್ತಿದ್ದರು. ತಿದ್ದುಪಡಿ ಸಾಲಿಗೆ ತಗಲುತ್ತಿತ್ತು, ಮಗುವಿಗೆ ತಗಲುತ್ತಿರಲಿಲ್ಲ. “ನಿನಗೆ ಶ್ರುತಿಜ್ಞಾನ ಇಲ್ಲ” ಎನ್ನುವುದಕ್ಕೂ “ಚರಣದ ಎರಡನೇ ಸಾಲಲ್ಲಿ ನಿಷಾದ ಕೊಂಚ ಇಳೀತು, ಹೀಗೆ ಹಿಡಿ” ಎನ್ನುವುದಕ್ಕೂ ಇರುವ ಅಂತರ ಇದು. ಎರಡನೆಯದನ್ನು ಮನೆಗೆ ಒಯ್ದು ತಿದ್ದಿಕೊಳ್ಳಬಹುದು. ಮೊದಲನೆಯದನ್ನು ಏನು ಮಾಡಬೇಕು?

ಪ್ರಾರ್ಥನೆ ಹಾಡುವ ಮಗು

ಸಣ್ಣ ಸಭೆಗಳನ್ನು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಕರ್ನಾಟಕದಲ್ಲಿ ಪ್ರತಿ ಸಂಜೆ ನೂರಾರು ಕಡೆ ಅವು ಈಗಾಗಲೇ ನಡೆಯುತ್ತಿವೆ. ಪುಸ್ತಕ ಬಿಡುಗಡೆಯಿರಲಿ, ಸಹಕಾರ ಸಂಘದ ವಾರ್ಷಿಕ ಸಭೆಯಿರಲಿ, ನಮ್ಮ ಸಮಾರಂಭ ಪ್ರಾರ್ಥನೆಯಿಂದ ಶುರುವಾಗುತ್ತದೆ. ಅದನ್ನು ಹಾಡುವುದು ಬಹುತೇಕ ಒಬ್ಬ ಹುಡುಗಿ. ನಮ್ಮ ನಾಡಿನ ಎಳೆಯರಿಗೆ ಇಷ್ಟು ಹೇರಳವಾಗಿ ಸಿಗುವ ಬೇರೆ ಸಂಗೀತ ವೇದಿಕೆ ಇಲ್ಲ. ಅದನ್ನು ನಾವು ನಡೆಸಿಕೊಳ್ಳುವ ರೀತಿ ನೋಡಿ. ಹಾಡುವವಳ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇರುವುದಿಲ್ಲ. ಮೈಕು ದೊಡ್ಡವರ ಎತ್ತರಕ್ಕೆ ನಿಂತಿರುತ್ತದೆ. ಶ್ರುತಿಗೆ ಪೆಟ್ಟಿಗೆ ಇಲ್ಲ, ಗಾಳಿಯಿಂದ ಹಿಡಿಯಬೇಕು. ಅತಿಥಿಗಳು ಆಗಷ್ಟೇ ಬರುತ್ತಿರುತ್ತಾರೆ, ಕುರ್ಚಿ ಎಳೆಯುವ ಸದ್ದು, ಛಾಯಾಗ್ರಾಹಕರ ಓಡಾಟ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ನಿರೂಪಕರು ಮುಗಿಸು ಎಂದು ಸನ್ನೆ ಮಾಡುತ್ತಾರೆ. ಹಾಡಿ ಕೆಳಗಿಳಿದ ಮಗು ಆ ಮೂರು ನಿಮಿಷದಲ್ಲಿ ಕಲಿತದ್ದು ಒಂದೇ: ನನ್ನ ದನಿ ಯಾರಿಗೂ ಬೇಕಿಲ್ಲ.

ಇದನ್ನು ಸರಿಪಡಿಸಲು ಯಾವ ಯೋಜನೆಯೂ ಬೇಡ. ಹೆಸರು ಅಚ್ಚು ಹಾಕಿಸಿ. ಮಗು ಹತ್ತು ನಿಮಿಷ ಮುಂಚೆ ಬಂದು ಮೈಕಿನಲ್ಲಿ ಒಮ್ಮೆ ಹಾಡಿ ನೋಡಲಿ. ಫೋನಿನಲ್ಲಿ ಸಿಗುವ ತಂಬೂರಿಯನ್ನಾದರೂ ಶ್ರುತಿಗೆ ಹಾಕಿ. ಗಣ್ಯರು ಕೂತ ಮೇಲೆ ಹಾಡು ಶುರುವಾಗಲಿ, ಪೂರ್ತಿ ಮುಗಿಯಲಿ. ಇಷ್ಟು ಮಾಡಿದರೆ ನಾಡಿನ ಪ್ರತಿ ಸಮಾರಂಭವೂ ಒಂದು ಮಗುವಿನ ಪುಟ್ಟ ಕಛೇರಿಯಾಗುತ್ತದೆ.

ಮಾಡಬಹುದಾದದ್ದು

ಇದರ ಜೊತೆಗೆ ಪ್ರತಿ ಬಡಾವಣೆಯಲ್ಲಿ, ಪ್ರತಿ ಹೋಬಳಿಯಲ್ಲಿ ತಿಂಗಳಿಗೊಂದು ಎಳೆಯರ ಬೈಠಕ್ ಸಾಧ್ಯ. ಗ್ರಂಥಾಲಯದ ಕೋಣೆ, ಶಾಲೆಯ ಪಡಸಾಲೆ, ದೇವಸ್ಥಾನದ ಪ್ರಾಂಗಣ ಯಾವುದಾದರೂ ಸರಿ. ಜಮಖಾನದ ಮೇಲೆ ಮೂವತ್ತು ನಲವತ್ತು ಜನ ಕೇಳುಗರು, ಐದಾರು ಮಕ್ಕಳು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಬಹುಮಾನ ಬೇಡ, ತೀರ್ಪುಗಾರರು ಬೇಡ. ಶಾಸ್ತ್ರೀಯ, ಭಾವಗೀತೆ, ತತ್ವಪದ, ಸಿನಿಮಾ ಹಾಡು, ಗಿಟಾರ್ ಯಾವುದಕ್ಕೂ ತಡೆ ಇಲ್ಲ. ಟ್ರ್ಯಾಕಿಗೆ ಮಾತ್ರ ತಡೆ. ಜೊತೆಗೆ ನುಡಿಸಲು ಮೇಷ್ಟ್ರೋ ಹಿರಿಯ ವಿದ್ಯಾರ್ಥಿಯೋ ಇರಲೇಬೇಕು.

ಮೊದಲ ಸಲ ಹಾಡುವವರು ಆರು ತಿಂಗಳ ಹಿಂದೆ ಕಲಿತು ಮೈಗೂಡಿದ್ದನ್ನು ಹಾಡಲಿ. ಮುಂದಿನ ತಿಂಗಳೂ ಅದನ್ನೇ ಹಾಡಲಿ. ಒಂದೇ ಹಾಡು ಎರಡನೆಯ ಸಲ ಸಲೀಸಾಗಿ ಬಂದಾಗ ಮಗು ತನ್ನ ಬೆಳವಣಿಗೆಯನ್ನು ತಾನೇ ಕೇಳಿಸಿಕೊಳ್ಳುತ್ತದೆ. ಹೊರಗಿನ ಯಾವ ಪ್ರಮಾಣಪತ್ರವೂ ಅದಕ್ಕೆ ಸಮನಲ್ಲ. ಹಾಡದವರಿಗೂ ಕೆಲಸವಿರಲಿ: ನಿರೂಪಣೆ, ಶ್ರುತಿ ಕೂಡಿಸುವುದು, ಜಮಖಾನ ಹಾಸುವುದು. ಬೈಠಕ್ಕನ್ನು ನಡೆಸುವುದೂ ಒಂದು ಧೈರ್ಯ. ಬೆಂಗಳೂರಿನ ಗಾನಕಲಾ ಪರಿಷತ್ತು ಯುವ ಕಲಾವಿದರಿಗೆಂದೇ ಸಮ್ಮೇಳನ ನಡೆಸಿ, ಅವರಲ್ಲೊಬ್ಬರನ್ನೇ ಅಧ್ಯಕ್ಷಸ್ಥಾನದಲ್ಲಿ ಕೂರಿಸಿ ‘ಗಾನಕಲಾಶ್ರೀ’ ಎಂದು ಗೌರವಿಸುತ್ತದೆ. ಆ ತತ್ವವನ್ನು ಚಿಕ್ಕ ಪ್ರಮಾಣದಲ್ಲಿ ಎಲ್ಲಿ ಬೇಕಾದರೂ ಪಾಲಿಸಬಹುದು.

ಕೇಳುಗರಿಗೆ ಒಂದಿಷ್ಟು ಕಟ್ಟುಪಾಡು ಬೇಕು. ಫೋನು ಚೀಲದಲ್ಲಿರಲಿ, ಪ್ರತಿ ಹಾಡನ್ನೂ ಚಿತ್ರೀಕರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮೂವತ್ತು ಜನರ ಸಭೆ ಮುನ್ನೂರು ಜನರದಾಗುತ್ತದೆ, ಇವತ್ತಿನ ತಪ್ಪು ನಾಳೆಗೂ ಉಳಿಯುತ್ತದೆ. ತಂದೆತಾಯಿ ಹಿಂದಿನ ಸಾಲಿನಲ್ಲಿ ಕೂರಲಿ. ಮುಂದೆ ಕೂತು ತುಟಿ ಆಡಿಸುವ ತಾಯಿಗಿಂತ ದೊಡ್ಡ ತೀರ್ಪುಗಾರರಿಲ್ಲ. ಮುಗಿದ ಮೇಲೆ ಒಬ್ಬ ಹಿರಿಯರು ಎರಡೇ ಮಾತು ಹೇಳಲಿ: ಯಾವುದು ಮನಸ್ಸಿಗೆ ತಾಗಿತು, ಮುಂದೆ ಯಾವುದರ ಕಡೆ ಗಮನ ಕೊಡಬೇಕು.

ಎಚ್ಚರವೂ ಬೇಕು. ಕೆಲವು ಮಕ್ಕಳ ಭಯ ಹಾಡಿನಿಂದ ಕರಗುವಂಥದಲ್ಲ. ಸಭೆಯ ಹಿಂದಿನ ರಾತ್ರಿ ನಿದ್ದೆಯಿಲ್ಲ, ವಾಂತಿ, ವಾರಗಟ್ಟಲೆ ಮಂಕು ಎಂದಾದರೆ ಅವರನ್ನು ತಳ್ಳಬಾರದು. ಆಪ್ತ ಸಮಾಲೋಚಕರ ನೆರವು ಪಡೆಯಬೇಕು. ಸಂಗೀತವನ್ನು ತನ್ನ ಕೋಣೆಯಲ್ಲಿ ತನಗಾಗಿ ಹಾಡಿಕೊಳ್ಳುವ ಹಕ್ಕೂ ಮಗುವಿಗಿದೆ.

ಈ ಮಕ್ಕಳೆಲ್ಲ ಕಲಾವಿದರಾಗುತ್ತಾರೆಯೇ? ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಬ್ಬಳು ಗ್ರಾಮಸಭೆಯಲ್ಲಿ ಎದ್ದು ನೀರಿನ ಲೆಕ್ಕ ಕೇಳಬಹುದು, ಒಬ್ಬ ಸಂದರ್ಶನದಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎಂದು ನೇರವಾಗಿ ಹೇಳಬಹುದು, ಇನ್ನೊಬ್ಬಳು ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಕಷ್ಟದ ಸುದ್ದಿಯನ್ನು ನಿಧಾನವಾಗಿ ತಿಳಿಸಬಹುದು. ಉಸಿರು ಹಿಡಿಯುವುದು, ಪಕ್ಕದವರಿಗೆ ಕಿವಿಗೊಡುವುದು, ತಪ್ಪಿದಲ್ಲಿ ನಿಲ್ಲದೆ ಸಮಕ್ಕೆ ಮರಳುವುದು, ಇವು ಅಲ್ಲೆಲ್ಲ ಕೆಲಸಕ್ಕೆ ಬರುವ ವಿದ್ಯೆಗಳು. ನಾಲ್ಕು ಜನರ ಎದುರು ಕೂತು ಹಾಡಿದವರಿಗೆ ಅವು ಮೈಗೇ ಅಂಟಿಕೊಂಡಿರುತ್ತವೆ.

ಕೊನೆಯದಾಗಿ ಈ ದತ್ತಿಯನ್ನು ನಡೆಸುವವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷದಿಂದ ಉಪನ್ಯಾಸವನ್ನು ಅರ್ಧ ಗಂಟೆ ಕಡಿಮೆ ಮಾಡಿ, ಆ ಹೊತ್ತನ್ನು ಮೂವರು ಎಳೆಯರಿಗೆ ಕೊಡಿ. ಉಪನ್ಯಾಸಕರ ಸಂಭಾವನೆಯಲ್ಲಿ ಒಂದು ಪಾಲನ್ನು ಪಕ್ಕವಾದ್ಯದವರಿಗೆ ಕೊಡಿ. ಈ ವರ್ಷದ ನನ್ನ ಸಂಭಾವನೆಯಿಂದಲೇ ಅದು ಶುರುವಾಗಲಿ. ಉಪನ್ಯಾಸಕ್ಕೆಂದು ಬಂದವರು ಅರ್ಧ ಗಂಟೆ ಮೊದಲೇ ಬಂದು ಮುಂದಿನ ಸಾಲುಗಳನ್ನು ತುಂಬಲಿ. ಮಕ್ಕಳಿಗೆ ಧೈರ್ಯ ತುಂಬುತ್ತೇವೆ ಎನ್ನುವ ನಮ್ಮ ಮಾತು ನಿಜವೋ ಸುಳ್ಳೋ ಎಂಬುದು ಅವತ್ತು ಎಷ್ಟು ಕುರ್ಚಿಗಳು ತುಂಬಿವೆ ಎಂಬುದರಿಂದ ತಿಳಿಯುತ್ತದೆ.